ಓಟ ಕಲಿಸಿದರೆ ಬರುತ್ತದೆ

ಕಾಣಿಯೂರು, ಬೆಳಂದೂರು, ಎಣ್ಮೂರು ಕಡೆಯ ಹುಡುಗರಿಗೆ ಕಂಬಳದ ಓಟದಲ್ಲಿ ಕ್ರಮವಾದ ತರಬೇತಿ ಸಿಗಬೇಕು ಎಂದಾಗಲೆಲ್ಲ ಎದುರಾಗುವ ಆಕ್ಷೇಪಗಳು ಹೆಚ್ಚುಕಡಿಮೆ ಅವೇ. ಆಡುವವರೂ ಹೊರಗಿನವರಲ್ಲ. ಕೋಣ ಸಾಕುವ ಮನೆಯವರು, ಕರೆಯ (ಓಟದ ಕೆಸರು ಪಥದ) ಬದಿಯಲ್ಲಿ ರಾತ್ರಿಯಿಡೀ ನಿಂತು ನೋಡುವವರು, ಶಾಲೆಯ ಮೇಷ್ಟ್ರುಗಳು. ಅವರ ಮೇಲಿನ ಗೌರವದಿಂದಲೇ ಈ ಉತ್ತರ.

"ಕೋಣ ಓಡಿಸುವುದು ಕಲಿಸಿ ಬರುವ ವಿದ್ಯೆಯಲ್ಲ, ಅದು ರಕ್ತದಲ್ಲೇ ಇರಬೇಕು" ಎನ್ನುತ್ತಾರೆ. ಹಿಂದಿನವರು ಯಾರಿಂದಲೂ ಕಲಿಯದೆ ಓಡಿಸಿದರು ಎಂಬ ನಂಬಿಕೆ ಇದರ ಹಿಂದಿದೆ. ಅದು ನಿಜವಲ್ಲ. ಅವರು ಕಲಿತದ್ದು ಗದ್ದೆಯಲ್ಲಿ. ಏಣೆಲು, ಸುಗ್ಗಿ ಬೆಳೆಗಳಿಗೆಂದು ಬೆಳಗಿನಿಂದ ಕೋಣಗಳ ಹಿಂದೆ ಕೆಸರಿನಲ್ಲಿ ನಡೆದು ಅವರ ಕಾಲು, ಸೊಂಟ, ಕಣ್ಣು ಪಳಗಿದ್ದವು. ಆ ಪಾಠಕ್ಕೆ ಮಾಸ್ತರರಿರಲಿಲ್ಲ ಅಷ್ಟೇ. ಈಗ ಆ ಗದ್ದೆಗಳಲ್ಲಿ ಎಷ್ಟೋ ಅಡಿಕೆ ತೋಟವಾಗಿವೆ, ಉಳಿದ ಕಡೆ ಟಿಲ್ಲರ್ ಇಳಿದಿದೆ. ಗದ್ದೆ ಕಲಿಸುತ್ತಿದ್ದುದನ್ನು ಬೇರೆ ಯಾರಾದರೂ ಕಲಿಸಲೇಬೇಕು. ಮೂಡುಬಿದಿರೆಯ ಕಡೆ ಪ್ರೊ. ಗುಣಪಾಲ ಕಡಂಬರು ಕಟ್ಟಿದ ಕಂಬಳ ಅಕಾಡೆಮಿ ಮಾಡಿದ್ದು ಇದನ್ನೇ. ಅಶ್ವತ್ಥಪುರದ ಓಟಗಾರ ಶ್ರೀನಿವಾಸ ಗೌಡರು ತರಬೇತಿ ಪಡೆದದ್ದು ಅಲ್ಲಿ. ನಮ್ಮ ಎಣ್ಮೂರಿನ ಗರಡಿಯಲ್ಲಿ ನಾವು ಕೈಮುಗಿಯುವ ಕೋಟಿ-ಚೆನ್ನಯರೂ ಸಾಧನೆ ಮಾಡಿಯೇ ವೀರರಾದವರಲ್ಲವೇ?

ಎರಡನೆಯ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು: "ಓಡುವುದು ಕೋಣ. ಇವನು ಹಗ್ಗ ಹಿಡಿದು ಎಳೆಸಿಕೊಂಡು ಹೋಗುತ್ತಾನೆ. ಎಳೆಸಿಕೊಳ್ಳುವವನಿಗೆ ಎಂಥ ತರಬೇತಿ?"

2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಎರಡು ವಾರ ಕಳೆದು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61ರಲ್ಲಿ ಓಡಿದರು. ಭಾಗಿಸಿ ನೋಡಿದವರಿಗೆ ನೂರು ಮೀಟರಿಗೆ ಸುಮಾರು 9.55, 9.51 ಸೆಕೆಂಡ್ ಸಿಕ್ಕಿತು. ಬರ್ಲಿನ್‌ನಲ್ಲಿ 2009ರಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ಈ ಹೋಲಿಕೆ ತಪ್ಪು, ಒಪ್ಪುತ್ತೇನೆ. ಬೋಲ್ಟ್‌ನನ್ನು ಯಾರೂ ಎಳೆಯುತ್ತಿರಲಿಲ್ಲ. ಆದರೆ ಹೋಲಿಕೆ ತಪ್ಪೆಂದ ಮಾತ್ರಕ್ಕೆ ಓಟಗಾರನ ಪಾಲು ಸೊನ್ನೆ ಎಂದಾಗುವುದಿಲ್ಲ. ಐಕಳ, ವೇಣೂರಿನ ಆ ಓಟಗಳ ಸರಾಸರಿಯೇ ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು. ಅಷ್ಟು ವೇಗದಲ್ಲಿ ಎಳೆಯುವ ಜೋಡಿಯ ಹಿಂದೆ ಹೆಜ್ಜೆ ಎತ್ತಿ ಇಡಲು ಆಗದವನು ಕೆಸರಿಗೆ ಮುಖ ಅಡಿಯಾಗಿ ಬೀಳುತ್ತಾನೆ. ಬೀಳದಿದ್ದರೂ, ಹಿಂದೆ ಉಳಿದವನ ಭಾರವೆಲ್ಲ ಹಗ್ಗಕ್ಕೆ ಬಿದ್ದು ಕೋಣಗಳ ಓಟವೇ ಕುಗ್ಗುತ್ತದೆ. ಒಂದೇ ಜೋಡಿ ಒಬ್ಬನ ಕೈಯಲ್ಲಿ ಹಾರಿ, ಇನ್ನೊಬ್ಬನ ಕೈಯಲ್ಲಿ ನಿಧಾನವಾಗುವುದನ್ನು ಕಂಬಳ ನೋಡುವ ಎಲ್ಲರೂ ಕಂಡಿದ್ದಾರೆ.

ಹೊರಗಿನ ಎಳೆತದಿಂದ ಕಾಲಿನ ವೇಗ ಹೆಚ್ಚಿಸುವುದು ಹೊರದೇಶದ ಕೋಚ್‌ಗಳಿಗೂ ಗೊತ್ತಿರುವ ಕ್ರಮ. ಐಸ್ ಹಾಕಿ ಕಲಿಯುವ ಹುಡುಗರ ಸೊಂಟಕ್ಕೆ ಎಳೆಯುವ ರಬ್ಬರ್ ಹಗ್ಗ ಕಟ್ಟಿ, ಅವರ ಸ್ವಂತ ವೇಗಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಸ್ಕೇಟ್ ಮಾಡಿಸುತ್ತಾರೆ. ಆ ವೇಗವನ್ನು ಯಾರೂ ಹಗ್ಗದ ಲೆಕ್ಕಕ್ಕೆ ಬರೆಯುವುದಿಲ್ಲ. ಅಲ್ಲಿ ಮೊದಲು ತಿದ್ದುವುದು ಮೊಣಕಾಲನ್ನು. ಮೊಣಕಾಲು ಸಾಕಷ್ಟು ಬಗ್ಗದೆ ಹೋದರೆ ತಳ್ಳು ಸಣ್ಣದಾಗುತ್ತದೆ. ಆಮೇಲೆ ಕೆಲವೇ ಸೆಕೆಂಡುಗಳ ಪೂರ್ಣ ವೇಗದ ಓಟ, ಅದಕ್ಕೆ ಹತ್ತಾರು ಪಟ್ಟು ವಿಶ್ರಾಂತಿ. ದಣಿದ ಕಾಲಿನಲ್ಲಿ ವೇಗ ಕಲಿಯಲಾಗದು, ನಿಧಾನ ಓಟವೇ ಅಭ್ಯಾಸವಾಗುತ್ತದೆ. ಮಂಜುಗಡ್ಡೆಗೂ ಕೆಸರಿಗೂ ಸಂಬಂಧವಿಲ್ಲದಿರಬಹುದು, ಸ್ನಾಯುವಿನ ನಿಯಮ ಎರಡೂ ಕಡೆ ಒಂದೇ. ನಮ್ಮಲ್ಲಿ ಹುಡುಗರನ್ನು ಗುಡ್ಡ ಹತ್ತಿಸಿ, ಬಾಯಿ ಒಣಗುವವರೆಗೆ ಓಡಿಸಿ, ಅದನ್ನೇ ವೇಗದ ತಯಾರಿ ಎನ್ನುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಇನ್ನು ಮೂರನೆಯವರು ಎರಡನೆಯ ಮಾತಿನ ತೀರಾ ವಿರುದ್ಧ ತುದಿಯಲ್ಲಿದ್ದಾರೆ: "ಇಷ್ಟು ವೇಗ ಇದ್ದರೆ ಒಲಿಂಪಿಕ್ಸಿಗೆ ಕಳಿಸಿ, ಕೆಸರಿನಲ್ಲಿ ಯಾಕೆ ಹಾಳು ಮಾಡುತ್ತೀರಿ?" 2020ರಲ್ಲಿ ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಅವರೇ ಶ್ರೀನಿವಾಸ ಗೌಡರನ್ನು ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್‌) ಆಯ್ಕೆ ಪರೀಕ್ಷೆಗೆ ಕರೆದಿದ್ದರು. ಗೌಡರು ಹೋಗಲಿಲ್ಲ. ಟ್ರ್ಯಾಕಿನಲ್ಲಿ ಕಾಲ್ಬೆರಳ ಮೇಲೆ ಓಡಬೇಕು, ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಜೊತೆಗೆ ಕೋಣಗಳ ಪಾಲೂ ಇದೆ ಎಂಬುದು ಅವರ ಉತ್ತರದ ಸಾರ. ತನ್ನ ಕಸುಬನ್ನು ಅರಿತವನ ಮಾತು ಅದು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬೆತ್ತ ಇರುವಾಗ ಟ್ರ್ಯಾಕಿನ ಓಟಗಾರನಂತೆ ಕೈ ಬೀಸಲಾಗದು, ಸಮತೋಲವನ್ನು ಸೊಂಟ, ಬೆನ್ನುಗಳೇ ಕಾಯಬೇಕು. ಇದು ಬೇರೆಯದೇ ಓಟ. ಅದರ ಬೆಲೆಗೆ ಒಲಿಂಪಿಕ್ಸಿನ ಮುದ್ರೆ ಬೇಕಾಗಿಲ್ಲ.

ಕೋಚ್, ಸ್ಟಾಪ್‌ವಾಚ್ ಬಂದರೆ ಸಂಪ್ರದಾಯ ಕೆಡುತ್ತದೆ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಹೊನಲು ಬೆಳಕು ಬಂದಿದೆ, ಓಟ ಮುಗಿಯುವ ಮಂಜೊಟ್ಟಿಯಲ್ಲಿ ಲೇಸರ್ ಬಂದಿದೆ. ಪುತ್ತೂರಿನ ಮಹಾಲಿಂಗೇಶ್ವರ ದೇವರ ಮಾರು ಗದ್ದೆಯ ಕಂಬಳಕ್ಕೆ ಜನ ಬರುವುದು ನಿಂತಿಲ್ಲ.

"ಹೊಡೆಯದೆ ಕೋಣ ಓಡದು, ತರಬೇತಿಯಿಂದ ಏನಾದೀತು?" ಎಂಬುದು ಮಾತ್ರ ಅಪಾಯದ ಮಾತು. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳ ನಿಂತ ದಿನಗಳನ್ನು ನಾವು ಕಂಡಿದ್ದೇವೆ. ಕಂಬಳಕ್ಕೆ ಮತ್ತೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿ ಕಾನೂನನ್ನು ಅದೇ ನ್ಯಾಯಾಲಯದ ಸಂವಿಧಾನ ಪೀಠ ಎತ್ತಿಹಿಡಿದದ್ದು 2023ರ ಮೇ 18ರಂದು. ಆ ಕಾನೂನು ನಿಂತಿರುವುದು ಪ್ರಾಣಿಗೆ ಹಿಂಸೆಯಾಗದಂತೆ ನೋಡಿಕೊಳ್ಳುವ ಹೊಣೆಯ ಮೇಲೆ. ಜೋಡಿಯ ಸಮಕ್ಕೆ ಓಡಬಲ್ಲವನು ಹಗ್ಗಕ್ಕೆ ಭಾರವಾಗುವುದಿಲ್ಲ, ತನ್ನ ನಿಧಾನವನ್ನು ಬೆತ್ತದಿಂದ ತುಂಬಿಕೊಳ್ಳುವ ಅಗತ್ಯವೂ ಅವನಿಗಿರುವುದಿಲ್ಲ. ಕಂಬಳ ಉಳಿಯಬೇಕೆನ್ನುವವರು ತರಬೇತಿಯನ್ನು ಮೊದಲು ಕೇಳಬೇಕಾದದ್ದು ಈ ಕಾರಣಕ್ಕೆ.

ಕೊನೆಗೆ, ಮಕ್ಕಳ ಕಾಲು ಮುರಿಯುತ್ತದೆ ಎಂದು ಹೆದರುವ ತಾಯಂದಿರು. ಈ ಹೆದರಿಕೆ ನ್ಯಾಯವಾದದ್ದೇ. ಹದಿನೆಂಟು ತುಂಬದ ಯಾರ ಕೈಗೂ ಓಟದ ಕೋಣಗಳ ಹಗ್ಗ ಕೊಡಬಾರದು ಎಂಬುದರಲ್ಲಿ ನಾನು ಅವರ ಪಕ್ಷ. ಚಿಕ್ಕವರಿಗೆ ಬೇಕಾದದ್ದು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಂಬಳವಿಲ್ಲದ ಮಳೆಗಾಲದಲ್ಲಿ, ಹೇಗೂ ಊರೂರಲ್ಲಿ 'ಕೆಸರ್ಡೊಂಜಿ ದಿನ' ನಡೆಯುತ್ತದೆ. ಒಂದು ದಿನದ ಆ ಆಟವನ್ನು ವಾರಕ್ಕೆ ಎರಡು ದಿನದ ಪಾಠವಾಗಿ ಬೆಳೆಸಬಹುದು. ಹದ ಮಾಡಿದ ಗದ್ದೆಯಲ್ಲಿ ಮೂವತ್ತು ಮೀಟರಿನ ಐದಾರು ಓಟ, ನಡುವೆ ಎರಡು-ಮೂರು ನಿಮಿಷ ಬಿಡುವು, ಸಮಯ ಹಿಂದೆ ಬಿದ್ದರೆ ಆ ದಿನಕ್ಕೆ ಅಲ್ಲಿಗೇ ನಿಲುಗಡೆ. ಉಳಿದಂತೆ ಕುಳಿತೇಳುವುದು, ಒಂಟಿ ಕಾಲಿನ ನಿಲುವು, ತೊಡೆಯ ಹಿಂಭಾಗ ಗಟ್ಟಿಯಾಗುವ ಕಸರತ್ತು. ಇದಕ್ಕೆ ಬೇಕಾದದ್ದು ಒಂದು ಗದ್ದೆ, ಒಂದು ಸ್ಟಾಪ್‌ವಾಚ್, ಮಕ್ಕಳ ಮೇಲೆ ಕಣ್ಣಿಡಬಲ್ಲ ಒಬ್ಬ ದೈಹಿಕ ಶಿಕ್ಷಕ. ಕಬಡ್ಡಿಗೆ ಹೋಗುವವನಿಗೂ, ಸೇನಾ ಭರ್ತಿಗೆ ಓಡುವವನಿಗೂ ಇದೇ ಕಾಲು ಕೆಲಸಕ್ಕೆ ಬರುತ್ತದೆ. ಗದ್ದೆ ಬಿಟ್ಟುಕೊಡಲು ಸಿದ್ಧರಿರುವವರು ಈ ಮಳೆಗಾಲಕ್ಕೆ ಮುಂಚೆಯೇ ಮುಂದೆ ಬಂದರೆ, ಈ ವರ್ಷದ ಹುಡುಗರಿಗೇ ಶುರುಮಾಡಬಹುದು.