ಕಲ್ಯಾಣದ ವೈಹಾಳಿ: ಬಯಲು ಅಳಿದ ಮೇಲೆ ಉಳಿದ ಪರಿಭಾಷೆ

ಬಸವಕಲ್ಯಾಣಕ್ಕೆ ಬರುವ ಇತಿಹಾಸಾಸಕ್ತರು ಕೋಟೆಯನ್ನು ನೋಡುತ್ತಾರೆ, ಶರಣರ ನೆನಪಿನ ತಾಣಗಳನ್ನು ಸಂದರ್ಶಿಸುತ್ತಾರೆ, ಬಿಡುವಿದ್ದರೆ ನಾರಾಯಣಪುರ, ಜಲಸಂಗಿಗಳ ದೇವಾಲಯಗಳವರೆಗೂ ಹೋಗಿಬರುತ್ತಾರೆ. ಚಾಲುಕ್ಯ ಚಕ್ರವರ್ತಿಗಳ ಕುದುರೆಗಳು ಓಡಿದ ಬಯಲಿನ ಬಗ್ಗೆ ಕೇಳುವವರು ಮಾತ್ರ ಇಲ್ಲ. ಅದಕ್ಕೆ ಕಾರಣ ಸರಳವಾಗಿದೆ. ಗುಡಿ ಬಿದ್ದರೆ ತಳಪಾಯ ಉಳಿಯುತ್ತದೆ, ಕೆರೆ ಬತ್ತಿದರೆ ಏರಿ ಉಳಿಯುತ್ತದೆ. ಬಯಲಿಗೆ ಬಯಲಲ್ಲದೆ ಬೇರೆ ಗುರುತಿಲ್ಲ. ಕುದುರೆ ಓಡುವುದು ನಿಂತ ವರ್ಷ ಅಲ್ಲಿ ಹುಲ್ಲು ಬೆಳೆಯುತ್ತದೆ, ಮರುವರ್ಷ ನೇಗಿಲು ಹೂಡುತ್ತಾರೆ.

ಆದರೆ ಆ ಬಯಲು ಇದ್ದುದಕ್ಕೆ ಅರಸನೇ ಸಾಕ್ಷಿ. ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ಹರಡಿಕೊಂಡಿದೆ. ಅದರ ವಿನೋದಗಳ ಭಾಗದಲ್ಲಿ ಗಜವಾಹ್ಯಾಲಿ, ತುರಗವಾಹ್ಯಾಲಿ ಎಂಬ ಎರಡು ಪ್ರಕರಣಗಳಿವೆ. ತುರಗವಾಹ್ಯಾಲಿಯಲ್ಲಿ ಹಸನುಮಾಡಿದ ನೆಲ, ಗುರಿಯಾಗಿ ನಿಲ್ಲಿಸಿದ ತೋರಣ, ಎರಡು ಪಂಗಡಗಳಾಗಿ ನಿಂತ ಸವಾರರು, ತೊಗಲು ಹೊದಿಸಿದ ಚೆಂಡು, ಅದನ್ನು ಹೊಡೆಯುವ ಬೆತ್ತದ ಕೋಲು ಎಲ್ಲವೂ ಬರುತ್ತವೆ. ಇಲ್ಲಿ ಅರಸ ನೋಡುಗ ಮಾತ್ರನಲ್ಲ, ತಾನೂ ಆಟಗಾರ. ಲಕ್ಷಣಗ್ರಂಥದ ವಿಧಿವಾಕ್ಯಗಳನ್ನು ನಡೆದ ಸಂಗತಿಯ ವರದಿಯೆಂದು ಓದಬಾರದು ಎಂಬ ಎಚ್ಚರಿಕೆ ನ್ಯಾಯವಾದುದೇ. ಆದರೂ ತನ್ನ ಅರಮನೆಯ ಅಡುಗೆ, ಉಡುಗೆ, ಸಂಗೀತಗಳನ್ನು ಅಷ್ಟು ವಿವರವಾಗಿ ಬರೆದ ದೊರೆ ಕುದುರೆಯ ವಿಷಯಕ್ಕೆ ಬಂದಾಗ ಮಾತ್ರ ಕಲ್ಪನೆಯಲ್ಲಿ ವಿಹರಿಸಿದನೆಂದು ತಿಳಿಯಲು ಆಧಾರವಿಲ್ಲ.

ಸಂಸ್ಕೃತದ ವಾಹ್ಯಾಲಿಯೇ ಕನ್ನಡದಲ್ಲಿ ವೈಹಾಳಿ, ವಯ್ಯಾಳಿ. ಕುದುರೆಯ ಸವಾರಿಗೂ ಸವಾರಿ ನಡೆಯುವ ಬಯಲಿಗೂ ಈ ಒಂದೇ ಪದ. ಇಂಥ ಪದವೊಂದು ನಿಘಂಟಿನಲ್ಲಿ ಇದ್ದರೂ, ಕರ್ನಾಟಕದಲ್ಲಿ ಕುದುರೆಯ ಕ್ರೀಡೆ ಆಂಗ್ಲರ ದಂಡಿನೊಡನೆ ಬಂದಿಳಿಯಿತೆಂಬ ನಂಬಿಕೆ ವಿದ್ಯಾವಂತರಲ್ಲೂ ಗಟ್ಟಿಯಾಗಿದೆ. ಕುದುರೆ ಮೈದಾನ ಎಂದೊಡನೆ ಬೆಂಗಳೂರಿನ ರೇಸ್ ಕೋರ್ಸ್ ಕಣ್ಣೆದುರು ನಿಲ್ಲುತ್ತದೆ. ಅದರ ಬದಿಯ ರಸ್ತೆಗೆ 2023ರಲ್ಲಿ ಚಿತ್ರನಟ ಅಂಬರೀಶರ ಹೆಸರಿಟ್ಟ ಮೇಲೂ ಜನರ ಬಾಯಲ್ಲಿ ಅದು ರೇಸ್ ಕೋರ್ಸ್ ರಸ್ತೆಯೇ. ಬಾಜಿ ಕಟ್ಟುವ ಓಟ ಹೊರಗಿನಿಂದ ಬಂದದ್ದು ನಿಜ. ಅದರ ನೆರಳು ಹಿಂದಿನ ಶತಮಾನಗಳ ಮೇಲೂ ಬಿದ್ದುದರಿಂದ, ವೈಹಾಳಿಯನ್ನು ಒಂದು ಸಂಸ್ಥೆಯಾಗಿ ಕಾಣುವ ದೃಷ್ಟಿಯೇ ಮಸುಕಾಗಿದೆ.

ಈ ಮಸುಕು ತಿಳಿಯಾಗಬೇಕಾದರೆ ಕಲ್ಯಾಣದಿಂದ ಬಹು ದೂರದ ಶ್ರವಣಬೆಳಗೊಳಕ್ಕೆ, ಕಾಲದಲ್ಲಿ ನೂರೈವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು. ಚಿಕ್ಕಬೆಟ್ಟದ ಗಂಧವಾರಣ ಬಸದಿಯ ಬಳಿ ರಾಷ್ಟ್ರಕೂಟ ನಾಲ್ಕನೆಯ ಇಂದ್ರನ ಸ್ಮಾರಕ ಶಾಸನವಿದೆ. ಈತ ಮೂರನೆಯ ಕೃಷ್ಣನ ಮೊಮ್ಮಗ, ಗಂಗ ಬೂತುಗನ ಮಗಳ ಮಗ. 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆಗೊಂಡ ಬಳಿಕ, ಮರುವರ್ಷ ತೈಲಪ ಅಧಿಕಾರ ಹಿಡಿದಾಗ, ಮುರಿದುಬಿದ್ದ ಸಿಂಹಾಸನದ ಮೇಲೆ ಈ ರಾಜಕುಮಾರನನ್ನು ಕೂರಿಸಲು ಸೋದರಮಾವ ಮಾರಸಿಂಹ ಯತ್ನಿಸಿ ವಿಫಲನಾದ. ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದ. ಇಂದ್ರ ಇನ್ನೂ ಕೆಲವು ವರ್ಷ ಬದುಕಿದ್ದ.

ಈ ಶಾಸನವನ್ನು ರೈಸ್ 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದರು. ಅಂದಿನಿಂದ ಸಂಶೋಧಕರು ಇದರ ಎರಡು ತುದಿಗಳನ್ನೇ ಬಳಸುತ್ತ ಬಂದಿದ್ದಾರೆ. ಆರಂಭದ ಭಾಗ ವಂಶಾವಳಿಗೆ ಬೇಕು, ಕೊನೆಯ ಭಾಗ ಕಾಲನಿರ್ಣಯಕ್ಕೆ ಬೇಕು. ನಡುವಿನ ಪದ್ಯಗಳು ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟದಲ್ಲಿ ಇಂದ್ರನಿಗಿದ್ದ ನೈಪುಣ್ಯವನ್ನು ಕುರಿತವು. ಅವು ‘ಅತಿಶಯೋಕ್ತಿ’ ಎಂಬ ಒಂದು ಮಾತಿನಲ್ಲಿ ಬದಿಗೆ ಸರಿದುಬಿಡುತ್ತವೆ. ಅತಿಶಯೋಕ್ತಿ ಇಲ್ಲದಿಲ್ಲ. ಚೆಂಡು ಮೆಣಸಿನ ಕಾಳಿಗಿಂತ ಕಿರಿದಾದರೂ, ಕುದುರೆ ಬೆಟ್ಟಕ್ಕಿಂತ ಹಿರಿದಾದರೂ ಆತ ಸುತ್ತು ಹಾಕದೆ ಬಿಡನೆಂಬ ಧಾಟಿ ಅಲ್ಲಿದೆ. ಆದರೆ ಅದೇ ಪದ್ಯಗಳಲ್ಲಿ ಒಳಸುತ್ತು ಹೊರಸುತ್ತು, ಬಲ ಎಡ, ಸುಕರ ದುಷ್ಕರ ವಿಷಮ ಎಂದು ಚಲನೆಗಳನ್ನು ಬಿಡಿಸಿ ಹೇಳುವ ಕ್ರಮವಿದೆ. ಅದು ಹೊಗಳುಭಟ್ಟನ ಭಾಷೆಯಲ್ಲ. ಬಯಲಿನ ಅಂಚಿನಲ್ಲಿ ನಿಂತು, ಯಾವ ತಿರುವು ಕಷ್ಟದ್ದು, ಯಾವುದು ಸುಲಭದ್ದು ಎಂದು ಕಂಡು ಬಲ್ಲವನ ಭಾಷೆ. ಕೇಳುವವರಿಗೆ ಈ ಭೇದಗಳು ಗೊತ್ತಿಲ್ಲದಿದ್ದರೆ ಕವಿಗೆ ಇಷ್ಟು ಶ್ರಮಪಡುವ ಅಗತ್ಯವೇ ಇರಲಿಲ್ಲ.

ಇಂದಿನ ಜೂಜಿನ ಓಟಕ್ಕೂ ವೈಹಾಳಿಗೂ ಇರುವ ಅಂತರ ಇಲ್ಲೇ ಸ್ಪಷ್ಟವಾಗುತ್ತದೆ. ಓಟದಲ್ಲಿ ಕೊನೆಯ ಗೆರೆ ಮುಖ್ಯ, ವೈಹಾಳಿಯಲ್ಲಿ ತಿರುವು ಮುಖ್ಯ. ಒಂದು ವೇಗವನ್ನು ಅಳೆಯುತ್ತದೆ, ಇನ್ನೊಂದು ಕುದುರೆ ಮತ್ತು ಸವಾರರ ಹೊಂದಾಣಿಕೆಯನ್ನು ಅಳೆಯುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಯೋಚಿಸಬೇಕು. ಸಲ್ಲೇಖನದ ನೆನಪಿಗೆ ನೆಟ್ಟ ಕಲ್ಲಿನ ಮೇಲೆ ಆಟದ ವರ್ಣನೆ ಏಕೆ ಬಂತು? ಯುದ್ಧದ ಹೊಗಳಿಕೆ ಜಿನಕ್ಷೇತ್ರಗಳ ಶಾಸನಗಳಿಗೆ ಹೊರತಾದುದಲ್ಲ, ಇಂದ್ರನ ಶಾಸನದಲ್ಲೂ ಬಿರುದಾವಳಿಯ ಅಬ್ಬರವಿದೆ. ಆದರೆ ಅರಸರ ವಿನೋದಗಳೆಂದು ಲೋಕ ಸಾಮಾನ್ಯವಾಗಿ ಎಣಿಸುವ ಬೇಟೆ ಮತ್ತು ಜೂಜು ಜೈನರ ಸಪ್ತವ್ಯಸನಗಳಲ್ಲಿ ಸೇರಿವೆ. ಅವೆರಡನ್ನೂ ಕಳೆದರೆ ಕ್ಷತ್ರಿಯನ ದೇಹಕೌಶಲವನ್ನು ಶ್ರಾವಕನ ಸ್ಮಾರಕದಲ್ಲಿ ನಿರಾತಂಕವಾಗಿ ಕೊಂಡಾಡಲು ಒದಗುವುದು ಇಂಥ ಆಟವೇ. ಅಲ್ಲಿ ಪ್ರಾಣಿವಧೆಯೂ ಇಲ್ಲ, ಪಣವೂ ಇಲ್ಲ. ಹೀಗೆ ಓದಿದರೆ ಆ ಪದ್ಯಗಳು ಶಾಸನದ ನಡುವೆ ತುರುಕಿದ ಅಲಂಕಾರವಾಗಿ ಉಳಿಯುವುದಿಲ್ಲ. ಅವನ್ನು ಕೈಬಿಟ್ಟ ಆಯ್ದ ಶಾಸನಗಳ ಪಠ್ಯ ವಿದ್ಯಾರ್ಥಿಗಳಿಗೆ ಅರ್ಧ ಶಾಸನವನ್ನು ಮಾತ್ರ ಕೊಡುತ್ತದೆ.

ಕಲ್ಯಾಣದ ಸಾಹಿತ್ಯದ ಓದಿನಲ್ಲೂ ಇಂಥದೇ ಕೊರತೆ ಇದೆ. ಬೆಡಗಿನ ವಚನಗಳಲ್ಲಿ ಕುದುರೆ ಬಂದೊಡನೆ ಅದು ಪ್ರಾಣವಾಯು, ಅದು ಮನಸ್ಸು ಎಂದು ಟಿಪ್ಪಣಿ ಬರೆದು ಮುಂದೆ ಸಾಗುವುದು ಅಧ್ಯಾಪಕರಿಗೂ ರೂಢಿಯಾಗಿದೆ. ಸಂಕೇತ ಸರಿ. ಆದರೆ ಸೋಮೇಶ್ವರ ತೀರಿಕೊಂಡ ಕೆಲವೇ ದಶಕಗಳಲ್ಲಿ ಅದೇ ನಗರದಲ್ಲಿ ಮಾತನಾಡಿದವರಿಗೆ ಕುದುರೆ ಯೋಗಗ್ರಂಥದಿಂದ ಎರವಲು ತಂದ ಪ್ರಾಣಿಯಾಗಿರಲಿಲ್ಲ. ಲಗಾಮಿಗೆ ಬಗ್ಗುವ, ಬಗ್ಗದಿರುವ ಕುದುರೆಯನ್ನು ಬೀದಿಯಲ್ಲೇ ಕಂಡಿದ್ದವರಿಗೆ ಆ ರೂಪಕದ ತೂಕವೇ ಬೇರೆ.

ಪದ ಬೇರೆಡೆಗಳಲ್ಲೂ ಉಳಿದಿದೆ. ಶ್ರೀರಂಗದಲ್ಲಿ ಉತ್ಸವಮೂರ್ತಿಯನ್ನು ಕುದುರೆ ವಾಹನದ ಮೇಲಿರಿಸಿ, ಹೊತ್ತವರು ಹಿಂದುಮುಂದಾಗಿ ಓಡುವ ಸೇವೆಗೆ ಇಂದಿಗೂ ವೈಯಾಳಿ ಎಂದೇ ಹೆಸರು. ಬೆಂಗಳೂರಿನ ವಯ್ಯಾಲಿಕಾವಲ್ ಎಂಬ ಬಡಾವಣೆಯ ಹೆಸರಿನಲ್ಲೂ ಅದೇ ದನಿ ಕೇಳಿಸುತ್ತದೆ. ಕಾವಲ್ ಎಂದರೆ ಕಾದಿರಿಸಿದ ಹುಲ್ಲುಗಾವಲು ಎಂಬುದನ್ನು ನೆನೆದರೆ ಊಹೆಗೆ ಬಲ ಬರುತ್ತದೆ, ಆದರೆ ಧ್ವನಿಸಾಮ್ಯವೊಂದನ್ನೇ ನಂಬಿ ತೀರ್ಪು ಕೊಡುವುದು ಸಲ್ಲದು. ಅಭಿನವಚಂದ್ರನ ‘ಅಶ್ವವೈದ್ಯ’ದಂಥ ಕನ್ನಡ ಶಾಸ್ತ್ರಕೃತಿಗಳ ಪರಿಭಾಷೆಯನ್ನು ಇಂದ್ರನ ಶಾಸನದ ಪದಗಳೊಡನೆ, ‘ಮಾನಸೋಲ್ಲಾಸ’ದ ಪ್ರಕರಣಗಳೊಡನೆ ಎದುರುಬದುರು ಇರಿಸಿ ಕೋಶವೊಂದನ್ನು ಸಿದ್ಧಪಡಿಸುವುದು ಪಿಎಚ್.ಡಿ. ಪದವಿಗೆ ಯೋಗ್ಯವಾದ ಕೆಲಸ. ಪಟ್ಟಣದಲ್ಲಿ ಯಾವುದೋ ಹೊಲದ ಬದುವಿನ ಮೇಲೆ ಇಲ್ಲೇ ವೈಹಾಳಿ ಇತ್ತೆಂದು ಫಲಕ ನೆಡುವುದಕ್ಕಿಂತ ಅದು ಹೆಚ್ಚು ಉಪಯುಕ್ತ. ಫಲಕ ನೆಡುವ ಉತ್ಸಾಹಕ್ಕೆ ನಮ್ಮಲ್ಲಿ ಎಂದೂ ಬರವಿಲ್ಲ.

ಚಿಕ್ಕಬೆಟ್ಟದ ಶಾಸನ ಕೊನೆಯಲ್ಲಿ ಶಕವರ್ಷ 904, ಚಿತ್ರಭಾನು ಸಂವತ್ಸರದ ಚೈತ್ರ ಶುದ್ಧ ಅಷ್ಟಮಿ, ಸೋಮವಾರ ಎಂದು ಹೇಳಿ ನಿಲ್ಲುತ್ತದೆ. ವಿದ್ವಾಂಸರ ಗಣನೆಯಲ್ಲಿ ಅದು 982ರ ಮಾರ್ಚ್ 20. ಅಷ್ಟು ಸುತ್ತುಗಳನ್ನು ಬಲ್ಲ ಸವಾರ ಅಂದು ಆಹಾರವನ್ನು ತೊರೆದು, ನಿಶ್ಚಲಚಿತ್ತನಾಗಿ ವ್ರತವನ್ನು ಮುಗಿಸಿದ.