ಕಾರಿಗೆ ಅಂಟಿದ ಬೇಡದ ಬಣ್ಣ

ಹಬ್ಬಕ್ಕೋ ಮದುವೆಗೋ ಮನೆಗೆ ಬಣ್ಣ ಹೊಡೆಸುವಾಗ ಅಂಗಳದಲ್ಲಿ ನಿಂತ ಕಾರಿನ ಮೇಲೆ ನಾಲ್ಕು ಹನಿ ಸಿಡಿಯುವುದು ಸಾಮಾನ್ಯ. ಗೇಟಿಗೆ ಉಜ್ಜಿ ಅದರ ಬಣ್ಣ ಕಾರಿನ ಬಾಗಿಲಿಗೆ ಅಂಟುವುದೂ ಉಂಟು. ಪೇಂಟರ್ ಬಳಿ ಇರುವ ಥಿನ್ನರ್‌ನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಕಲೆಯೇನೋ ಹೋಗುತ್ತದೆ. ಕೆಲವೊಮ್ಮೆ ಅದರ ಜೊತೆಗೆ ಕಾರಿನ ಬಣ್ಣವೂ ಹೋಗುತ್ತದೆ! ಒಂದೇ ಕಾರಿನ ಒಂದು ಬಾಗಿಲಿಗೆ ಏನೂ ಆಗದೆ ಇನ್ನೊಂದು ಬಾಗಿಲು ಕೆಡುವುದೂ ಇದೆ. ಹೀಗೇಕೆ?

ಬಣ್ಣ ಒಣಗುವ ಬಗೆಯಲ್ಲಿ ಇದರ ಉತ್ತರವಿದೆ. ಕಾರ್ಖಾನೆಯಲ್ಲಿ ಕಾರಿಗೆ ಬಳಿದ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಆಗ ಅದರ ಅಣುಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗುತ್ತವೆ. ಈ ಬಲೆ ಥಿನ್ನರ್‌ನಲ್ಲಿ ಸುಲಭವಾಗಿ ಕರಗದು. ಆದರೆ ಗ್ಯಾರೇಜಿನಲ್ಲಿ ಮತ್ತೆ ಬಳಿದ ಬಣ್ಣ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆಗಿದ್ದರೆ, ಅದರ ದ್ರಾವಕ ಆವಿಯಾಗಿ ಹೋಗಿರುತ್ತದೆ ಅಷ್ಟೆ, ಬಲೆ ಹೆಣೆದಿರುವುದಿಲ್ಲ. ಥಿನ್ನರ್ ತಾಗಿದೊಡನೆ ಅದು ನೀರಿಗೆ ಬಿದ್ದ ಬೆಲ್ಲದಂತೆ ಮತ್ತೆ ಕರಗುತ್ತದೆ. 1923ರಲ್ಲಿ ಅಮೆರಿಕದ ಓಕ್ಲೆಂಡ್ ಕಾರಿಗೆ ಬಳಿದ ಡ್ಯೂಕೊ ಇದೇ ಜಾತಿಯದು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೊಂದು ಪಾರದರ್ಶಕ ಲೇಪವಿರುತ್ತದೆ. ಹೊಳಪೆಲ್ಲ ಅದರದೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಆದ್ದರಿಂದ ಬ್ಲೇಡ್, ಉಪ್ಪು ಕಾಗದ, ಪಾತ್ರೆ ತಿಕ್ಕುವ ನಾರು ಇವುಗಳನ್ನು ದೂರವಿಡಬೇಕು.

ಮೊದಲು ಕಾರನ್ನು ನೆರಳಿನಲ್ಲಿ ನಿಲ್ಲಿಸಿ ಚೆನ್ನಾಗಿ ತೊಳೆಯಬೇಕು. ಧೂಳಿನ ಮೇಲೆ ಉಜ್ಜಿದರೆ ಗೀರು ಖಂಡಿತ. ಗೋಡೆಯ ಎಮಲ್ಷನ್ ನೀರಿನಲ್ಲಿ ಕದಡಿದ ಬಣ್ಣ. ಹಸಿಯಿದ್ದರೆ ನೀರೇ ಸಾಕು. ಒಣಗಿದ್ದರೆ ಬೆಚ್ಚಗಿನ ಸಾಬೂನು ನೀರಿನ ಬಟ್ಟೆಯನ್ನು ಹತ್ತು ನಿಮಿಷ ಕಲೆಯ ಮೇಲಿಟ್ಟು, ಮೆತ್ತಗಾದ ಮೇಲೆ ಉಗುರಿನಿಂದ ಎಬ್ಬಿಸಬಹುದು. ಸುಣ್ಣದ ಹನಿಯನ್ನು ಒಣಗಿದ್ದಾಗ ಉಜ್ಜಬಾರದು. ಧಾರಾಳ ನೀರು ಹಾಕಿ, ಉಳಿದ ಕಲೆಗೆ ತುಂಬ ನೀರು ಬೆರೆಸಿದ ವಿನೆಗರ್ ಸವರಿ ಕೂಡಲೇ ತೊಳೆಯಬೇಕು.

ಗೇಟಿನ ಎನಾಮೆಲ್ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ತಾನೂ ಬಲೆ ಹೆಣೆಯುತ್ತದೆ. ಹಸಿಯಿರುವಾಗಲೇ ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಸೋಕಿಸಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಸಾಬೂನು ನೀರಿನಿಂದ ತೊಳೆದರೆ ಅದು ಹೋಗುತ್ತದೆ. ತಡವಾದಷ್ಟೂ ಕಷ್ಟ. ಸ್ಪ್ರೇ ಮಾಡುವಾಗ ಹಾರಿ ಕುಳಿತು ಗಟ್ಟಿಯಾದ ಸಣ್ಣ ಚುಕ್ಕೆಗಳಿಗೆ ಅಂಗಡಿಗಳಲ್ಲಿ ಸಿಗುವ ಕ್ಲೇ ಬಾರ್ ಉತ್ತಮ. ಸಾಬೂನು ನೀರು ಸುರಿದು ಹಗುರವಾಗಿ ಜಾರಿಸಿದರೆ ಅದು ಚುಕ್ಕೆಗಳನ್ನು ಕಿತ್ತುಕೊಳ್ಳುತ್ತದೆ. ಉಜ್ಜಿ ಅಂಟಿದ ಬಣ್ಣಕ್ಕೆ ಚಿಟಿಕೆಯಷ್ಟು ರಬ್ಬಿಂಗ್ ಕಾಂಪೌಂಡ್ ಸಾಕು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಮಾತ್ರ ಉಜ್ಜಿ ತೆಗೆಯಲಾಗದು.

ಯಾವುದನ್ನೇ ಬಳಸುವ ಮುನ್ನ ಬಾಗಿಲಿನ ಕೆಳಅಂಚಿನಂಥ ಕಾಣದ ಜಾಗದಲ್ಲಿ ಬಿಳಿ ಬಟ್ಟೆಯಿಂದ ಪರೀಕ್ಷಿಸಬೇಕು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ಹೆಡ್‌ಲೈಟಿನ ಪ್ಲಾಸ್ಟಿಕ್‌ಗೆ ಥಿನ್ನರ್ ತಾಗಿದರೆ ಬಿರುಕು ಮೂಡುತ್ತದೆ. ಪೆಟ್ರೋಲ್ ಅಂತೂ ಬೇಡವೇ ಬೇಡ. ಅದರ ಆವಿ ಗಾಳಿಗಿಂತ ಭಾರ. ನೆಲದಗುಂಟ ಹರಿದು ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು.

ಇದೆಲ್ಲಕ್ಕಿಂತ ಸುಲಭದ ಉಪಾಯವೊಂದಿದೆ: ಪೇಂಟರ್ ಬರುವ ದಿನ ಕಾರನ್ನು ಬೇರೆಡೆ ನಿಲ್ಲಿಸುವುದು.