ಡಬಲ್ಸ್‌ಗೆ ಡಬಲ್ಸ್ ಆಟಗಾರರೇ ಬೇಡವೇ?

ಸಿಂಗಲ್ಸ್ ತಾರೆಯರು ಇಳಿದರಷ್ಟೇ ಡಬಲ್ಸ್‌ಗೆ ಉಳಿಗಾಲ ಎಂಬ ವಾದ ಒಪ್ಪುವಂಥದ್ದಲ್ಲ. 2025ರ ಅಮೆರಿಕ ಓಪನ್ ಮಿಶ್ರ ಡಬಲ್ಸ್ ಅನ್ನೇ ನೋಡಿ. 32 ಜೋಡಿಗಳ ಕಣವನ್ನು 16ಕ್ಕೆ ಇಳಿಸಿ, ಎಂಟು ಸ್ಥಾನಗಳನ್ನು ಸಿಂಗಲ್ಸ್ ರ‍್ಯಾಂಕಿಂಗ್‌ ನೋಡಿ ಹಂಚಿದರು. ಹಿಂದಿನ ವರ್ಷದ ಚಾಂಪಿಯನ್ನರಾದ ಸಾರಾ ಎರಾನಿ–ಆಂಡ್ರಿಯಾ ವಾವಸ್ಸೋರಿ ವೈಲ್ಡ್ ಕಾರ್ಡ್ ಪಡೆದು ಬರಬೇಕಾಯಿತು. ಕೊನೆಗೆ ಟ್ರೋಫಿ ಎತ್ತಿದ್ದೂ ಅವರೇ, ಇಗಾ ಶ್ವಿಯಾಂಟೆಕ್–ಕ್ಯಾಸ್ಪರ್ ರೂಡ್ ಜೋಡಿಯನ್ನು ಮಣಿಸಿ! ನೆಟ್ ಬಳಿ ನಿಂತವರು ಬೆನ್ನ ಹಿಂದೆ ಬೆರಳಲ್ಲಿ ಸನ್ನೆ ಮಾಡಿ, ಸರ್ವ್ ಬಿದ್ದೊಡನೆ ಅಡ್ಡ ನುಗ್ಗಿ ರಿಟರ್ನ್ ತಡೆಯುವುದು ವರ್ಷಗಟ್ಟಲೆ ಕಲಿತು ಬರುವ ವಿದ್ಯೆ. ಅದನ್ನು ಸಿಂಗಲ್ಸ್‌ನಲ್ಲಿ ಸೋತವರ ಆಟ ಎನ್ನುವುದು ಅನ್ಯಾಯ. ಕೊಡಗಿನ ರೋಹನ್ ಬೋಪಣ್ಣ 43ರ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ಡಬಲ್ಸ್‌ನಲ್ಲೇ. ತಾರೆಯರು ಧಾರಾಳವಾಗಿ ಆಡಲಿ. ಸ್ಥಾನವನ್ನು ಮಾತ್ರ ಸಂಘಟಕರು ಡಬಲ್ಸ್ ರ‍್ಯಾಂಕಿಂಗ್ ನೋಡಿಯೇ ಕೊಡಲಿ.